ಎರಡು ಆರ್‌ವಿಯಲ್ಲಿ ಹೊರಟವರಿಗೆ ಯಾವ ವಾಕಿಟಾಕಿ?

ಅಮೆರಿಕದ ಯೂಟಾದಲ್ಲಿ ಬ್ರೈಸ್ ಕ್ಯಾನ್ಯನ್ ನೋಡಿಕೊಂಡು, ಹೈವೇ 12 ಹಿಡಿದು ಕ್ಯಾಪಿಟಲ್ ರೀಫ್ ಕಡೆ ಹೊರಟಿದ್ದೆವು. ಮುಂದೆ ನಮ್ಮ ಆರ್‌ವಿ (ಒಳಗೇ ಉಳಿದುಕೊಳ್ಳಬಹುದಾದ ಮನೆಯಂಥ ಗಾಡಿ), ಹಿಂದೆ ಗೆಳೆಯರದ್ದು. ಎಸ್ಕಲಾಂಟೆ ಊರು ದಾಟಿದ ಮೇಲೆ ಹಾಗ್‌ಬ್ಯಾಕ್ ಅಂತ ಒಂದು ಜಾಗ ಬರುತ್ತದೆ. ಗುಡ್ಡದ ಬೆನ್ನ ಮೇಲೆ ಕಿರಿದಾದ ರಸ್ತೆ, ಎರಡೂ ಪಕ್ಕ ಕಣಿವೆ. ಫೋನಿಗೆ ಸಿಗ್ನಲ್ ಇಲ್ಲ. ‘ಎದುರಿಗೆ ದೊಡ್ಡ ಗಾಡಿ ಬರ್ತಿದೆ, ನಿಧಾನ’ ಅಂತ ಹಿಂದಿನವರಿಗೆ ಹೇಳಲು ವಾಕಿಟಾಕಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಆದರೆ ಅಮೆರಿಕದಲ್ಲಿ ಸಿಕ್ಕಿದ ರೇಡಿಯೋದಲ್ಲೆಲ್ಲ ಮಾತಾಡುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಬಳಸಬಹುದಾದವುಗಳಲ್ಲಿ ಒಂದು ಎಫ್‌ಆರ್‌ಎಸ್ ಅನ್ನುವ ಸಣ್ಣ ವಾಕಿಟಾಕಿ. 22 ಚಾನೆಲ್, ಶಕ್ತಿ ಹೆಚ್ಚೆಂದರೆ 2 ವ್ಯಾಟ್. 8ರಿಂದ 14ರವರೆಗೆ ಬರೀ ಅರ್ಧ ವ್ಯಾಟ್, ದಾರಿಯಲ್ಲಿ ಆ ಚಾನೆಲ್ ಬೇಡ. ಡಬ್ಬದ ಮೇಲಿನ ‘35 ಮೈಲಿ’ಯನ್ನು ನಂಬಬೇಡಿ. ಗುಡ್ಡ ಅಡ್ಡ ಬಂದರೆ ಒಂದು ಮೈಲಿಯೂ ಕಷ್ಟ.

ನಾವು ಜಿಎಂಆರ್‌ಎಸ್ ಅನ್ನುವ, ಇನ್ನೂ ಹೆಚ್ಚು ಶಕ್ತಿಯ ರೇಡಿಯೋಗೆ ಲೈಸೆನ್ಸ್ ಮಾಡಿಸಿದೆವು. 35 ಡಾಲರ್, 10 ವರ್ಷಕ್ಕೆ. ಪರೀಕ್ಷೆ ಇಲ್ಲ. ಒಬ್ಬರು ತೆಗೆದುಕೊಂಡರೆ ಮನೆಯವರೆಲ್ಲ ಬಳಸಬಹುದು, ಗೆಳೆಯರಿಗೆ ಮಾತ್ರ ಅದು ನಡೆಯುವುದಿಲ್ಲ. ಅವರು ಎಫ್‌ಆರ್‌ಎಸ್ ಇಟ್ಟುಕೊಂಡರು. ಚಾನೆಲ್‌ಗಳು ಎರಡಕ್ಕೂ ಒಂದೇ, ಹಾಗಾಗಿ ಮಾತಿಗೆ ತೊಂದರೆಯಾಗಲಿಲ್ಲ. ನನಗೆ ಜಾಸ್ತಿ ಉಪಯೋಗ ಅನ್ನಿಸಿದ್ದು ವ್ಯಾಟ್ ಅಲ್ಲ, ಆಂಟೆನಾ. ಎಫ್‌ಆರ್‌ಎಸ್‌ನಲ್ಲಿ ಅದನ್ನು ಬದಲಾಯಿಸುವಂತಿಲ್ಲ. ಜಿಎಂಆರ್‌ಎಸ್ ಸೆಟ್ಟಿಗೆ ಗಾಡಿಯ ಹೊರಗೆ ಆಂಟೆನಾ ಹಾಕಬಹುದು. ಎಷ್ಟೋ ಆರ್‌ವಿಗಳ ಚಾವಣಿ ಫೈಬರ್‌ದು ಅಥವಾ ರಬ್ಬರ್‌ದು, ಮ್ಯಾಗ್ನೆಟ್‌ನಿಂದ ಅಂಟುವ ಆಂಟೆನಾ ಕೂರುವುದಿಲ್ಲ. ಬ್ರಾಕೆಟ್ ಇರುವುದನ್ನೇ ಕೊಳ್ಳಿ.

ಅಗ್ಗಕ್ಕೆ ಸಿಗುವ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್‌ಗಳಿಗೆ ಸಾಮಾನ್ಯವಾಗಿ ಈ ಚಾನೆಲ್‌ಗಳಲ್ಲಿ ಮಾತಾಡುವ ಮಂಜೂರಾತಿ ಇರುವುದಿಲ್ಲ. ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿಯ ‘ಪಾರ್ಟ್ 95’ ನಿಯಮದ ಮಂಜೂರಾತಿ ಇದೆಯೇ ಅಂತ ನೋಡಿ ಕೊಳ್ಳಿ. ಕೆನಡಾಕ್ಕೆ ದಾಟುವವರು ಕೈಯಲ್ಲಿ ಹಿಡಿಯುವ 2 ವ್ಯಾಟ್ ಸೆಟ್ ಮಾತ್ರ ಬಳಸಿ. ‘ಪ್ರೈವಸಿ ಕೋಡ್’ (ಬೇರೆಯವರ ಮಾತು ನಮ್ಮ ಸೆಟ್ಟಿನಲ್ಲಿ ಕೇಳಿಸದಂತೆ ಮಾಡುವ ಸೆಟ್ಟಿಂಗ್) ಹಾಕಿದರೂ ನಿಮ್ಮ ಮಾತು ಬೇರೆಯವರಿಗೆ ಕೇಳಿಸುತ್ತದೆ, ಅದನ್ನು ಮರೆಯಬೇಡಿ.

ಕ್ಯಾಂಪಿನಲ್ಲಿ ಗಾಡಿ ರಿವರ್ಸ್ ಹಾಕುವಾಗಲೂ ಇದೇ ರೇಡಿಯೋ ಬೇಕು. ಮೊದಲ ಸಂಜೆ ನನ್ನವಳು ಹಿಂದೆ ನಿಂತು ‘ಹಿಂದೆ ಬರಬೇಡಿ’ ಅಂದಳು. ಬಟನ್ನಿನಿಂದ ಬೆರಳು ಒಂದು ಚೂರು ಬೇಗ ತೆಗೆದಿದ್ದಳು. ನನಗೆ ಕೇಳಿಸಿದ್ದು ‘ಹಿಂದೆ ಬರ...’ ಅಷ್ಟೇ. ಬಂಪರ್ ಮರಕ್ಕೆ ತಾಗಿತು. ಕನ್ನಡದಲ್ಲಿ ‘ಬೇಡ’ ಬರುವುದು ಕೊನೆಗೆ, ಅಲ್ವಾ? ಅವತ್ತಿನಿಂದ ಬರೀ ‘ಸ್ಟಾಪ್’, ಅದೂ ಎರಡು ಸಲ. ಎಡ, ಬಲ ಅನ್ನುವ ಬದಲು ‘ಡ್ರೈವರ್ ಕಡೆ’, ‘ಬಾಗಿಲ ಕಡೆ’ ಅನ್ನುತ್ತೇವೆ.