ಕ್ಷಮಿಸಿದ್ರಾ ಅಂತ ಕೇಳೋದು ಸುಲಭ

ನಾನು ಕೆಲಸ ಮಾಡುವ ಆಫ್ರಿಕಾದ ರುವಾಂಡದಿಂದ ಈ ಸಲ ರಜೆಗೆ ತೀರ್ಥಹಳ್ಳಿಗೆ ಬಂದಾಗ ಜಗಲಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. 'ರುವಾಂಡದಲ್ಲಿ ಕೊಂದವರೂ ಬದುಕುಳಿದವರೂ ಅಕ್ಕಪಕ್ಕದಲ್ಲೇ ಇದ್ದಾರಂತೆ. ಅದು ಹೇಗೆ ಮಾರಾಯ?' ತೋಟದ ಬೇಲಿ ಒಂದಡಿ ಸರಿಯಿತು ಅಂತ ದಾಯಾದಿ ಮನೆಯ ನೀರೂ ಮುಟ್ಟದವರು ನಮ್ಮಲ್ಲಿದ್ದಾರೆ. ಕೇಳಿದ್ದು ಸಹಜವೇ.

ಅವರಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೇ. ರಾಜಧಾನಿ ಕಿಗಾಲಿ ದಾಟಿದರೆ ಬರೀ ಗುಡ್ಡ, ಗುಡ್ಡದ ಮೈಮೇಲೆ ಮನೆಗಳು. ಬಿಟ್ಟು ಹೋಗೋಣ ಅಂದರೆ ಎಲ್ಲಿಗೆ? 1994ರ ಏಪ್ರಿಲ್ 7ರಿಂದ ಸುಮಾರು 100 ದಿನಗಳಲ್ಲಿ ಬಹುಸಂಖ್ಯಾತ ಹುಟು ಜನಾಂಗದ ಉಗ್ರರು 8ರಿಂದ 10 ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಅಲ್ಪಸಂಖ್ಯಾತ ಟುಟ್ಸಿಗಳು. ಬೆಲ್ಜಿಯಂನವರು ಆಳುತ್ತಿದ್ದ ಕಾಲದಿಂದ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಅಂತ ಬರೆದಿರುತ್ತಿತ್ತು. ರಸ್ತೆ ತಡೆದು, ಚೀಟಿ ನೋಡಿ ಕಡಿದರು. ಕಡಿದವರಲ್ಲಿ ಪಕ್ಕದ ಮನೆಯವರೂ ಇದ್ದರು.

ನನಗೆ ಅರಗದೇ ಉಳಿದದ್ದು ಚರ್ಚಿನ ವಿಷಯ. ಹೆಚ್ಚುಕಮ್ಮಿ ಇಡೀ ದೇಶ ಕ್ರೈಸ್ತರದ್ದು. ದೇವರ ಮನೆಯಲ್ಲಿ ಕೊಲ್ಲಲಾರರು ಅಂತ ಜನ ಚರ್ಚುಗಳಿಗೆ ಓಡಿದರು. ನ್ಯಾಮಟ ಚರ್ಚು ಈಗ ಸ್ಮಾರಕ. ಒಳಗೆ ಹೋದರೆ ಬೆಂಚುಗಳ ಮೇಲೆ ಸತ್ತವರ ಬಟ್ಟೆಯ ರಾಶಿ. ಅಂಗಿ ಯಾವುದು, ಲಂಗ ಯಾವುದು ಗೊತ್ತಾಗುವುದಿಲ್ಲ, ಎಲ್ಲಾ ಮಣ್ಣಿನ ಬಣ್ಣ. ತಗಡಿನ ಮಾಡಿನ ತುಂಬಾ ತೂತು. ನ್ಯಾಂಗೆ ಅನ್ನುವ ಊರಲ್ಲಂತೂ ಜನ ಒಳಗಿರುವಾಗಲೇ ಚರ್ಚನ್ನು ಬುಲ್ಡೋಜರ್‌ನಿಂದ ಕೆಡವಿದರು. ಆ ಪ್ರಕರಣದಲ್ಲಿ ಅಲ್ಲಿನ ಪಾದ್ರಿಗೇ 2008ರಲ್ಲಿ ವಿಶ್ವಸಂಸ್ಥೆಯ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಚರ್ಚಿನವರ ಪಾಪಕ್ಕೆ ಪೋಪ್ ಫ್ರಾನ್ಸಿಸ್ ದೇವರಲ್ಲಿ ಕ್ಷಮೆ ಬೇಡಿದ್ದು 2017ರಲ್ಲಿ. ಜಾಸ್ತಿ ತಡ ಆಯ್ತು, ಅಲ್ವಾ?

ಆದರೂ ಭಾನುವಾರ ಚರ್ಚುಗಳು ತುಂಬಿರುತ್ತವೆ. ನನ್ನ ಜೊತೆ ಕೆಲಸ ಮಾಡುವ ಹೆಂಗಸೊಬ್ಬಳು ಅಪ್ಪ, ಅಮ್ಮ, ತಮ್ಮನನ್ನು ಕಳೆದುಕೊಂಡವಳು. ತಮ್ಮನನ್ನು ಕೊಂದ ಗುಂಪಿನಲ್ಲಿದ್ದವನು ಜೈಲು ಮುಗಿಸಿ ಬಂದಿದ್ದಾನೆ. ಅದೇ ಚರ್ಚಿಗೆ ಬರುತ್ತಾನೆ. ಪ್ರಾರ್ಥನೆ ಮುಗಿದಾಗ ಇವಳು ಕೈಕುಲುಕುತ್ತಾಳೆ, ಅವನ ಮನೆ ಹೊಸಿಲು ಮಾತ್ರ ತುಳಿಯುವುದಿಲ್ಲ. 'ಅವನ ಲೆಕ್ಕ ದೇವರಿಗೆ ಬಿಟ್ಟಿದ್ದೇನೆ, ಹೊತ್ತು ತಿರುಗೋಕೆ ನನ್ನಿಂದಾಗಲ್ಲ' ಅಂದಳು. ಅಡಿಕೆ ಕಳುವಾದರೆ ನಾವೂ ಸಿಗಂದೂರು ಚೌಡೇಶ್ವರಿಗೆ ಬಿಟ್ಟು ಬರುತ್ತೇವೆ. ಆದರೆ ನಮಗೆ ಕಳ್ಳನಿಗೆ ಏನಾದರೂ ಆಗಲೇಬೇಕು! ಇವಳಿಗೆ ಅದೂ ಬೇಡ.

ಹೊರಗಿನಿಂದ ಬಂದವರಿಗೆ ಇಬ್ಬರೂ ಅಪ್ಪಿಕೊಂಡ ಫೋಟೋ ಬೇಕು. ನನಗದು ಸ್ವಲ್ಪ ಅಸಹ್ಯವೇ. ಗಚಾಚಾ ಅನ್ನುವ ಊರ ಪಂಚಾಯ್ತಿ ಕೋರ್ಟುಗಳು 2012ರ ಹೊತ್ತಿಗೆ 19 ಲಕ್ಷದಷ್ಟು ಪ್ರಕರಣ ಮುಗಿಸಿದವು. ತಪ್ಪೊಪ್ಪಿಕೊಂಡು, ಹೆಣ ಎಲ್ಲಿ ಹಾಕಿದ್ದು ಅಂತ ಹೇಳಿದವರಿಗೆ ಶಿಕ್ಷೆ ಕಡಿಮೆ. ಕಡಿಮೆ ಮಾಡಿದ್ದಕ್ಕೆ ಬದುಕುಳಿದವರಿಗೆ ಸಿಟ್ಟಿತ್ತು, ಆದರೆ ಎಲುಬು ಸಿಕ್ಕಿದರೆ ಸಾಕು ಅಂತಲೂ ಇತ್ತು. ಇಷ್ಟು ವರ್ಷವಾದರೂ ಮನೆ ಕಟ್ಟಲು ಅಗೆದಲ್ಲಿ ಗುಂಡಿಗಳು ಸಿಗುತ್ತಿವೆ. ಸಿಕ್ಕಿತು ಅಂದರೆ ಇವಳು ರಜೆ ಹಾಕಿ ಹೋಗುತ್ತಾಳೆ, ತಮ್ಮನ ಅಂಗಿ ಹುಡುಕಲು.

ಅವನಿಗೆ ಜಾಗ ಗೊತ್ತಿದೆ ಅಂತ ಇವಳ ಅನುಮಾನ. ಪ್ರತಿ ಏಪ್ರಿಲ್‌ನಲ್ಲೂ ಅವನ ಅಂಗಳದಲ್ಲಿ ನಿಂತು ಅದೊಂದನ್ನೇ ಕೇಳುತ್ತಾಳೆ. ಅವನು ನೆನಪಿಲ್ಲ ಅನ್ನುತ್ತಾನೆ.