ಟೈ ಒಪ್ಪದ ಮ್ಯಾನೇಜರ್

ಏಪ್ರಿಲ್ ಬಂದರೆ ಕೊಡಗಿನಲ್ಲಿ ಕೌಟುಂಬಿಕ ಹಾಕಿಯದ್ದೇ ಮಾತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಹಬ್ಬ ಇದು. ಗೋಲು ಹೊಡೆದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಸರಿ. ಆದರೆ ಬೆಂಗಳೂರಿನಲ್ಲಿರುವ ಹುಡುಗರಿಗೆಲ್ಲ ಫೋನ್ ಮಾಡಿ, ರಜೆ ಹಾಕಿಸಿ, ಜೆರ್ಸಿ ಮಾಡಿಸಿ, ಜೀಪು ಗೊತ್ತು ಮಾಡಿ, ಕೊನೆಗೆ ಮ್ಯಾಚ್ ಸೋತರೆ ಬೈಗುಳವನ್ನೂ ತಿನ್ನುವ ಒಬ್ಬರು ಪ್ರತಿ ಒಕ್ಕದಲ್ಲೂ (ಕೊಡವ ಮನೆತನದಲ್ಲೂ) ಇರುತ್ತಾರಲ್ಲ, ನನಗೆ ಅವರ ಮೇಲೇ ಕಣ್ಣು. ಅಮೆರಿಕದಲ್ಲಿ ಆ ಕೆಲಸವನ್ನೇ ಸಂಬಳದ ಉದ್ಯೋಗ ಮಾಡಿಕೊಂಡವನು ಹ್ಯಾರಿ ರೈಟ್. ಆಟ ಮಾತ್ರ ಬೇಸ್‌ಬಾಲ್.

ಹುಟ್ಟಿದ್ದು 1835ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಅಪ್ಪನಿಗೆ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಕ್ರಿಕೆಟ್ಟೇ ಜೀವನ. ಹ್ಯಾರಿ ಸಿನ್ಸಿನಾಟಿಗೆ ಹೋಗಿದ್ದೂ ಕ್ರಿಕೆಟ್ ಕೆಲಸಕ್ಕೇ. ಆಗ ಬೇಸ್‌ಬಾಲ್ ಆಟಗಾರರಿಗೆ ದುಡ್ಡು ಕೊಡುತ್ತಿದ್ದದ್ದು ಕದ್ದುಮುಚ್ಚಿ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಇಡೀ ತಂಡಕ್ಕೆ ಬಹಿರಂಗವಾಗಿ ಸಂಬಳ ಕೊಟ್ಟಿತು. ಹ್ಯಾರಿಗೆ 1,200 ಡಾಲರ್, ತಮ್ಮ ಜಾರ್ಜ್‌ಗೆ 1,400! ಜಾರ್ಜ್ ಆಟದಲ್ಲಿ ಅಷ್ಟು ಜೋರು. ಆದರೂ ಕ್ಯಾಪ್ಟನ್, ಮ್ಯಾನೇಜರ್ ಎರಡೂ ಆಗಿ, ಮೈದಾನದಲ್ಲಿ ಆಡಿಯೂ ಆಡಿದ ಅಣ್ಣನಿಗೆ ಕಮ್ಮಿ ಅಂದರೆ ನಮ್ಮಲ್ಲಿ ಜಗಳವೇ ಆಗುತ್ತಿತ್ತು, ಅಲ್ವಾ?

ಆ ವರ್ಷ ಒಂದೂ ಸೋಲಲಿಲ್ಲ. ಸೋಲು ಬಂದದ್ದು 1870ರ ಜೂನ್ 14ಕ್ಕೆ, ಬ್ರೂಕ್ಲಿನ್‌ನಲ್ಲಿ. ಬೇಸ್‌ಬಾಲ್ ಮ್ಯಾಚಿಗೆ ಒಂಬತ್ತು ಇನ್ನಿಂಗ್ಸ್, ಅವು ಮುಗಿದಾಗ ರನ್ 5-5, ಸಮ. ಅಟ್ಲಾಂಟಿಕ್ಸ್ ತಂಡದವರು ಟೈ ಸಾಕು ಅಂತ ಮೈದಾನ ಬಿಟ್ಟು ಹೊರಟಿದ್ದರು. ಹ್ಯಾರಿಯೂ ಕೈಕುಲುಕಿ ಬಂದಿದ್ದರೆ ಅಜೇಯ ದಾಖಲೆ ಹಾಗೇ ಉಳಿಯುತ್ತಿತ್ತು. ಪುಣ್ಯಾತ್ಮ ಕೇಳಲಿಲ್ಲ. ನಿಯಮದ ಪ್ರಕಾರ ಇನ್ನೂ ಆಡಬೇಕು ಅಂತ ಹಟ ಹಿಡಿದ. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ 7-5ರ ಮುನ್ನಡೆಯೂ ಸಿಕ್ಕಿತು, ಆಮೇಲೆ ಎದುರಾಳಿಗಳು ಮೂರು ರನ್ ಮಾಡಿ 8-7ಕ್ಕೆ ಗೆದ್ದುಬಿಟ್ಟರು. ಗೆದ್ದ ಮ್ಯಾಚುಗಳಿಗಿಂತ ನನಗೆ ಇದೇ ಜಾಸ್ತಿ ಇಷ್ಟ.

ಸಿನ್ಸಿನಾಟಿ ಕ್ಲಬ್ ಸಂಬಳ ನಿಲ್ಲಿಸಿದಾಗ ತಮ್ಮನನ್ನೂ ತಂಡದ ಹೆಸರನ್ನೂ ಕಟ್ಟಿಕೊಂಡು ಬೋಸ್ಟನ್‌ಗೆ ಹೋದ. ಅಲ್ಲಿ 1872ರಿಂದ 1875ರವರೆಗೆ ಸತತ ನಾಲ್ಕು ಪ್ರಶಸ್ತಿ. ಕೊನೆಯ ವರ್ಷ 71 ಗೆಲುವು, ಬರೀ 8 ಸೋಲು. ಮಧ್ಯದಲ್ಲಿ 1874ರಲ್ಲಿ ತಂಡವನ್ನು ಇಂಗ್ಲೆಂಡಿಗೂ ಕರೆದುಕೊಂಡು ಹೋಗಿ, ಬೇಸ್‌ಬಾಲ್ ಜೊತೆ ಕ್ರಿಕೆಟ್ಟನ್ನೂ ಆಡಿಸಿದ. ಆಮೇಲೆ ಪ್ರಾವಿಡೆನ್ಸ್, ಕೊನೆಗೆ 1893ರವರೆಗೆ ಫಿಲಡೆಲ್ಫಿಯಾ. 1890ರಲ್ಲಿ ಸ್ವಲ್ಪ ಕಾಲ ಕಣ್ಣೇ ಕಾಣದಂತಾಯಿತು. ದೃಷ್ಟಿ ಮರಳಿದ ಮೇಲೆ ಮತ್ತೆ ಅದೇ ಕೆಲಸ.

1895ರಲ್ಲಿ ತೀರಿಕೊಂಡ. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ತಮ್ಮ ಜಾರ್ಜ್ 1937ರಲ್ಲೇ ಸೇರಿದ. ಅಣ್ಣನ ಹೆಸರು ಸೇರಿದ್ದು 1953ರಲ್ಲಿ. ಇಷ್ಟು ತಡ ಮಾಡಿದ್ದು ನನ್ನ ಪ್ರಕಾರ ಅನ್ಯಾಯವೇ.