ತಾಲೀಮಿನಲ್ಲಿ ಓಡಿದ ಲಿಯರ್

1994ರಲ್ಲಿ ನಾನು ಎರಡನೇ ಬಿ.ಎ. ಕಾಲೇಜು ಡೇಗೆ ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕದ ಕೆಲವು ದೃಶ್ಯಗಳನ್ನು ಆಡಬೇಕಿತ್ತು. ಲಿಯರ್ ಪಾತ್ರ ನನ್ನದೇ. ತಾಲೀಮಿನಲ್ಲಿ ಸುಮ್ನೆ ಮಾತು ಒಪ್ಪಿಸುತ್ತಿದ್ದೆ. "ಸ್ಟೇಜ್ ಮೇಲೆ ಸರಿಯಾಗಿ ಮಾಡ್ತೀನಿ ಸರ್" ಅಂದೆ. ಇಂಗ್ಲಿಷ್ ಮೇಷ್ಟ್ರು ಬೈಯಲಿಲ್ಲ. ಎಲ್ಲರನ್ನೂ ಕೂರಿಸಿ, ಪೋಲೆಂಡಿನ ಒಬ್ಬ ನಟನ ಕಥೆ ಹೇಳಿದರು.

ಆ ನಟ ತಾದೇವುಶ್ ವೊಮ್ನಿತ್ಸ್ಕಿ. ಹುಟ್ಟಿದ್ದು 1927ರಲ್ಲಿ. ಯುದ್ಧ ಮುಗಿದ ಮೇಲೆ ಕ್ರಾಕೋವ್‌ನಲ್ಲಿ ರಂಗಕ್ಕೆ ಬಂದರು. 1955ರಲ್ಲಿ ನಿರ್ದೇಶಕ ಆಂದ್ಜೇಯ್ ವಾಯ್ದಾ ಅವರ ಮೊದಲ ಚಿತ್ರ ‘ಎ ಜನರೇಷನ್’ಗೆ ಅವರೇ ನಾಯಕ. 1962ರಲ್ಲಿ ವಾರ್ಸಾದಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ನಾಟಕವೊಂದರಲ್ಲಿ ಆರ್ತುರೋ ಉಯಿ ಆದರು. ಹಿಟ್ಲರನನ್ನು ನೆನಪಿಸುವ ರೌಡಿಯ ಪಾತ್ರ ಅದು. ಆ ರೌಡಿ ಹಳೆಯ ನಟನೊಬ್ಬನ ಹತ್ತಿರ ನಿಲ್ಲೋದು, ನಡೆಯೋದು, ಭಾಷಣ ಮಾಡೋದು ಕಲಿಯುತ್ತಾನೆ. ಅದೂ ತಾಲೀಮೇ ಅಲ್ವಾ!

ಉಳಿದದ್ದನ್ನು ನಾನು ಮುಂದೆ ಹುಡುಕಿ ಓದಿದೆ. ಕುಳ್ಳಗಿನ ಕತ್ತಿವೀರ ವೊಲೊದಿಯೋವ್‌ಸ್ಕಿಯ ಪಾತ್ರದಿಂದ ಪೋಲೆಂಡಿನ ಮನೆಮಾತಾದರು. 1974ರ ‘ದ ಡೆಲ್ಯೂಜ್’ ಚಿತ್ರದಲ್ಲಿ ಮಳೆಯಲ್ಲಿ ನಡೆಯುವ ಕತ್ತಿಯ ಕಾಳಗ ನೋಡಿ, ಆ ಕೈಯಲ್ಲಿ ಒಂದಿಷ್ಟೂ ಆತುರವಿಲ್ಲ. 1970ರಿಂದ 1981ರವರೆಗೆ ವಾರ್ಸಾದ ನಾಟಕ ಶಾಲೆಯ ಮುಖ್ಯಸ್ಥರಾಗಿದ್ದರು. 1976ರಲ್ಲಿ ‘ತೆಆತ್ರ್ ನಾ ವೊಲಿ’ ಎಂಬ ರಂಗಮಂದಿರ ಕಟ್ಟಿದರು. ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯಲ್ಲೂ ಇದ್ದರು. 1981ರ ಡಿಸೆಂಬರ್‌ನಲ್ಲಿ ಸೇನಾ ಆಡಳಿತ ಹೇರಿದಾಗ ಪಕ್ಷ ಬಿಟ್ಟರು. ನನಗೆ ಅವರ ಮೇಲಿನ ಗೌರವ ಇದರಿಂದ ಜಾಸ್ತಿಯೇ ಆಯಿತು.

ಮೇಷ್ಟ್ರು ಹೇಳಿದ್ದು ಕೊನೆಯ ದಿನದ ಕಥೆ. 1992ರ ಫೆಬ್ರುವರಿ 22. ಪೊಜ್ನಾನ್ ಊರಿನ ರಂಗಮಂದಿರದಲ್ಲಿ ‘ಲಿಯರ್’ ತಾಲೀಮು. ವೊಮ್ನಿತ್ಸ್ಕಿಗೆ 64 ವರ್ಷ, ಹೃದಯ ಸೋತಿತ್ತು. ಹುಚ್ಚು ಹಿಡಿದ ದೊರೆ ಹೇಳುವ ಮಾತು ಬಂತು: ಹಾಗಾದರೆ ಇನ್ನೂ ಜೀವ ಇದೆ, ಹಿಡಿಯಬೇಕಾದರೆ ಓಡಿ ಬಂದು ಹಿಡಿಯಿರಿ. ಅದನ್ನು ಹೇಳಿದ ಮೇಲೆ ಅವರು ಕುಸಿದರು. ಮತ್ತೆ ಏಳಲಿಲ್ಲ. ಟಿಕೆಟ್ ಕೊಂಡ ಒಬ್ಬ ಪ್ರೇಕ್ಷಕನೂ ಆ ಲಿಯರನ್ನು ನೋಡಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಹೂಂ, ಆ ಮಾತಿನಿಂದ ಶುರು ಮಾಡು" ಅಂದರು. ಬೆಂಚುಗಳನ್ನು ಗೋಡೆಗೆ ಒತ್ತಿದ್ದ ಹನ್ನೆರಡನೇ ನಂಬರ್ ರೂಮು. ಆ ಸಾಲು ಬಂದಾಗ ನಾನು ಬಾಗಿಲು ದಾಟಿ, ಕಾರಿಡಾರಿನ ತುದಿಯವರೆಗೂ ಓಡಿದೆ.